ಬಡಾವಣೆ ರಸ್ತೆಗೆ ಅಡಿ ಲೆಕ್ಕದಲ್ಲಿ ದುಡ್ಡು ಕೇಳುತ್ತಿದ್ದಾರೆ, ಮೂಲೆ ಮನೆಯವರು ಎರಡು ಪಟ್ಟು ಕೊಡಬೇಕಾ?

ಮೂಲೆಮನೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಹದಡಿ ರಸ್ತೆ ಕಡೆಯ ಒಂದು ಖಾಸಗಿ ಲೇಔಟಿನಲ್ಲಿ ನಮ್ಮ ಮನೆ. 30 ಅಡಿಗೆ 40 ಅಡಿ ಸೈಟು, ಮೂಲೆ. ಸೈಟು ತೆಗೆದುಕೊಳ್ಳುವಾಗ ಮೂಲೆ ಸಿಕ್ಕಿತು, ಗಾಳಿ ಬೆಳಕು ಚೆನ್ನಾಗಿರುತ್ತದೆ ಅಂತ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟೇ ತೆಗೆದುಕೊಂಡೆವು. ಈಗ ಆ ಮೂಲೆಯೇ ಕುತ್ತಿಗೆಗೆ ಬಂದಿದೆ.

ನಮ್ಮ ಬೀದಿಗೆ ಲೇಔಟಿನವರು ಹಾಕಿದ್ದ ಡಾಂಬರು ಎರಡೇ ಮಳೆಗಾಲಕ್ಕೆ ಎದ್ದು ಹೋಯಿತು. ಉಳಿದಿದ್ದನ್ನು ಪೈಪು ಹಾಕಲು ಬಂದವರು ಅಗೆದರು. ಕೆಳಗೆ ಪೂರ್ತಿ ಎರೆ ಮಣ್ಣು. ಮಳೆ ಬಂದರೆ ಬೈಕಿನ ಮಡ್‌ಗಾರ್ಡಿಗೆ ಮಣ್ಣು ತುಂಬಿ ಚಕ್ರವೇ ತಿರುಗುವುದಿಲ್ಲ, ಕಡ್ಡಿ ಹಿಡಿದು ಕೆರೆದು ತೆಗೆಯಬೇಕು. ಆಟೋದವರು ತಿರುವಿನಲ್ಲೇ ಇಳಿಸಿ ಹೋಗುತ್ತಾರೆ. ಅಮ್ಮನಿಗೆ ಮಂಡಿ ನೋವು, ಹೋದ ತಿಂಗಳು ಅವರನ್ನು ತಿರುವಿನಿಂದ ಮನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನು ಮತ್ತು ಪಕ್ಕದ ಮನೆ ಹುಡುಗ ಹೊತ್ತು ತಂದೆವು.

ಪಾಲಿಕೆ ಆಫೀಸಿಗೆ ಹೋದರೆ "ನಿಮ್ಮ ಲೇಔಟು ನಮಗೆ ಹಸ್ತಾಂತರ ಆಗಿಲ್ಲ" ಅಂತಾರೆ. ಲೇಔಟಿನವರನ್ನು ಕೇಳಿದರೆ "ನಮ್ಮ ಕೆಲಸ ಮುಗಿದು ಎಷ್ಟೋ ವರ್ಷ ಆಯಿತಲ್ಲ" ಅಂತಾರೆ. ಹೀಗಾಗಿ ಬೀದಿಯ ಸಂಘದವರು ನಾವೇ ಕಾಂಕ್ರೀಟ್ ಹಾಕಿಸೋಣ ಅಂತ ಹೊರಟಿದ್ದಾರೆ. ಸೈಟಿನ ಮುಂಭಾಗದ ಅಡಿಗೆ 250 ರೂಪಾಯಿ. ಮಧ್ಯದ ಸೈಟಿನವರಿಗೆ 30 ಅಡಿ, ಅಂದರೆ 7,500. ನಮಗೆ ಮುಂದೆ 30, ಪಕ್ಕದಲ್ಲಿ 40, ಒಟ್ಟು 70 ಅಡಿ ಅಂತ 17,500! ಪಕ್ಕದ ರಸ್ತೆ ಈಗ ಮಾಡುತ್ತಲೂ ಇಲ್ಲ, ಅದು ಮುಂದಿನ ವರ್ಷವಂತೆ. ಬೀದಿಯಲ್ಲಿ 38 ಸೈಟು, ಅದರಲ್ಲಿ 11 ಖಾಲಿ. ಖಾಲಿ ಸೈಟಿನವರು ಬೆಂಗಳೂರಲ್ಲೋ ಎಲ್ಲೋ ಇದ್ದಾರೆ, ಅವರ ಪಾಲು ಬಿಟ್ಟೇ ಲೆಕ್ಕ ಹಾಕಿದ್ದಾರೆ.

ನಾನು ಪ್ರತಿ ವರ್ಷ ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿ 5 ಪರ್ಸೆಂಟ್ ರಿಯಾಯಿತಿ ಪಡೆಯುವವನು. ಕಂದಾಯ ಕಟ್ಟಿದ ಮೇಲೆ ರಸ್ತೆಗೆ ಮತ್ತೆ ಯಾಕೆ ಕೊಡಬೇಕು? ಕೊಡಲೇಬೇಕು ಅಂದರೆ ಅಡಿ ಲೆಕ್ಕ ನ್ಯಾಯವಾ? ಭಾನುವಾರ ಮೀಟಿಂಗ್ ಇದೆ. ಗೊತ್ತಿದ್ದವರು ಹೇಳಿ.

ಮಂಡಕ್ಕಿಮಿರ್ಚಿ:

ಒಂದು ರೂಪಾಯಿ ಕೊಡಬೇಡಿ ಅಣ್ಣ. ಬೈಕು ತಗೊಂಡಾಗ ರೋಡ್ ಟ್ಯಾಕ್ಸು ಕಟ್ಟಿದ್ದೀವಿ, ಪೆಟ್ರೋಲ್ ಹಾಕಿಸಿದಾಗೆಲ್ಲ ರಸ್ತೆ ಸೆಸ್ಸು ಕಟ್ಟುತ್ತೀವಿ, ಮನೆಗೆ ಕಂದಾಯ ಬೇರೆ. ಸ್ಮಾರ್ಟ್ ಸಿಟಿ ಅಂತ ದೇಶದ ಮೊದಲ 20 ಊರಲ್ಲಿ ನಮ್ಮೂರು ಇತ್ತು, 2016ರಲ್ಲಿ ಪಟಾಕಿ ಹೊಡೆದಿದ್ದು ನೆನಪಿಲ್ವಾ? ಇಷ್ಟೆಲ್ಲ ಆದ ಮೇಲೂ ಜೇಬಿಂದ ಹಾಕಿ ರಸ್ತೆ ಮಾಡಿಸಿಕೊಳ್ಳೋದಾದರೆ ಊರಲ್ಲಿ ಯಾಕೆ ಇರಬೇಕು, ತೋಟದ ಮನೆಯಲ್ಲಿ ಇರೋಣ ಬಿಡಿ.

ಅಳತೆಪುಸ್ತಕ:

ನಾನು ರಸ್ತೆ ಕೆಲಸ ಅಳೆಯುತ್ತಲೇ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮಂಡಕ್ಕಿ ಅವರ ಸಿಟ್ಟು ಸರಿ, ಲೆಕ್ಕ ಸರಿ ಇಲ್ಲ. ಬೈಕಿಗೆ ಕಟ್ಟಿದ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ, ನಿಮ್ಮ ಊರಿನ ಪಾಲಿಕೆಗಲ್ಲ. ಪೆಟ್ರೋಲಿನ ರಸ್ತೆ ಸೆಸ್ಸು ಕೇಂದ್ರದ ನಿಧಿಗೆ ಹೋಗಿ ಹೆದ್ದಾರಿ, ರಾಜ್ಯ ರಸ್ತೆ ಅಂತ ಖರ್ಚಾಗುತ್ತದೆ. 38 ಸೈಟಿನ ಬೀದಿಗೆ ಅದು ಇಳಿದು ಬರುವುದಿಲ್ಲ. ಸ್ಮಾರ್ಟ್ ಸಿಟಿಯ ದೊಡ್ಡ ದೊಡ್ಡ ಕೆಲಸಗಳೂ ಆಯ್ದ ಪ್ರದೇಶಕ್ಕೆ ಅಂತಲೇ ಇದ್ದವು, ಹೊರಗಿನ ಲೇಔಟಿನ ಅಡ್ಡರಸ್ತೆ ಅದರ ಲೆಕ್ಕಕ್ಕೇ ಬರಲಿಲ್ಲ. ಇನ್ನು ಕಂದಾಯದ ರಸೀದಿಯನ್ನೇ ಒಮ್ಮೆ ತೆಗೆದು ನೋಡಿ. ತೆರಿಗೆಯ ಮೇಲೆ ಆರೋಗ್ಯ ಸೆಸ್ ನೂರಕ್ಕೆ 15, ಗ್ರಂಥಾಲಯ ಸೆಸ್ 6, ಭಿಕ್ಷುಕರ ಸೆಸ್ 3. ರಸ್ತೆ ಅನ್ನುವ ಸಾಲು ಇದೆಯಾ? ಇಲ್ಲ. ತೆರಿಗೆಯ ದುಡ್ಡು ಸಂಬಳ, ಕಸ, ಬೀದಿ ದೀಪ, ನೀರಿನ ಕರೆಂಟ್ ಬಿಲ್ಲು ಎಲ್ಲಕ್ಕೂ ಹೋಗಬೇಕು. ರಸ್ತೆಗಳು ಬಹುಪಾಲು ಹಣಕಾಸು ಆಯೋಗದ ಅನುದಾನ, ನಗರೋತ್ಥಾನ, ಶಾಸಕರ ನಿಧಿ ಇಂಥವುಗಳಿಂದಲೇ ಆಗುತ್ತವೆ. ಶಾಸಕರ ನಿಧಿ ವರ್ಷಕ್ಕೆ ಕ್ಷೇತ್ರಕ್ಕೆ 2 ಕೋಟಿ. ಸಮುದಾಯ ಭವನದಿಂದ ಶಾಲೆ ಕೊಠಡಿವರೆಗೆ ಎಲ್ಲರೂ ಅದಕ್ಕೇ ಕೈ ಚಾಚುತ್ತಾರೆ.

ಆದರೆ ನಿಮ್ಮ ವಿಷಯದಲ್ಲಿ ಇದೆಲ್ಲ ಆಮೇಲಿನ ಮಾತು. ಮೊದಲ ಪ್ರಶ್ನೆ, ಆ ರಸ್ತೆ ಯಾರದ್ದು? ಹಸ್ತಾಂತರ ಆಗಿಲ್ಲ ಅಂದರೆ ಅದು ಇನ್ನೂ ಖಾಸಗಿ ರಸ್ತೆ. ಖಾಸಗಿ ಜಾಗದ ಮೇಲೆ ಸರ್ಕಾರದ ದುಡ್ಡು ಹಾಕಲು ಯಾವ ಎಂಜಿನಿಯರೂ ಸಹಿ ಮಾಡುವುದಿಲ್ಲ, ನಾಳೆ ಆಡಿಟ್‌ನಲ್ಲಿ ಅವನ ಸಂಬಳದಿಂದ ಹಿಡಿಯುತ್ತಾರೆ. ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ 1976ರಲ್ಲೇ ಖಾಸಗಿ ರಸ್ತೆಯ ಖರ್ಚನ್ನು ಅಕ್ಕಪಕ್ಕದ ಆಸ್ತಿಯವರ ಮೇಲೆ ಹಾಕುವ ದಾರಿ ಇದೆ. ರಸ್ತೆ ಸಮ ಮಾಡಿಲ್ಲ, ಜಲ್ಲಿ ಹಾಕಿಲ್ಲ, ಚರಂಡಿ ಇಲ್ಲ ಅಂತ ಕಮಿಷನರಿಗೆ ಅನಿಸಿದರೆ ಆ ರಸ್ತೆಗೆ ಮುಖ ಮಾಡಿರುವ ಮಾಲೀಕರಿಗೆ ನೋಟಿಸ್ ಕೊಟ್ಟು ಮಾಡಿಸಿ ಅನ್ನಬಹುದು. ಮಾಡದಿದ್ದರೆ ತಾವೇ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಹಾಗೆ ಕೆಲಸ ಆದ ಮೇಲೆ ಮಾಲೀಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೇಳಿದರೆ ಅದನ್ನು ಸಾರ್ವಜನಿಕ ರಸ್ತೆ ಅಂತ ಘೋಷಿಸಬೇಕು. ಅಲ್ಲಿಂದ ಮುಂದೆ ಗುಂಡಿ ಬಿದ್ದರೂ ಅವರದ್ದೇ ತಲೆನೋವು. ಹಾಗಾಗಿ ಕೊಡುವುದೇ ಆದರೆ ಕೊಟ್ಟ ದುಡ್ಡಿಗೆ ಈ ಘೋಷಣೆ ಸಿಗಬೇಕು. ಸಂಘದ ವಾಟ್ಸಾಪ್ ಮೆಸೇಜಿಗೆ ಕೊಟ್ಟರೆ ಕಾಂಕ್ರೀಟ್ ಅಷ್ಟೇ ಸಿಗುತ್ತದೆ, ಅದೂ ಸಿಕ್ಕರೆ.

ಲೇಔಟಿನವರನ್ನೂ ಸುಮ್ನೆ ಬಿಡಬೇಡಿ. ಅನುಮೋದನೆ ಆದ ಲೇಔಟು ಆಗಿದ್ದರೆ ರಸ್ತೆ, ಚರಂಡಿ, ಒಳಚರಂಡಿ, ನೀರು, ಲೈಟು ಎಲ್ಲ ಅವರೇ ಮಾಡಿ ಪುಕ್ಕಟೆ ಬರೆದುಕೊಡಬೇಕಿತ್ತು. ನೀವು ಸೈಟಿಗೆ ಕೊಟ್ಟ ರೇಟಿನಲ್ಲೇ ಆ ರಸ್ತೆಯ ದುಡ್ಡು ಸೇರಿದೆ. ಅಂದರೆ ನೀವು ರಸ್ತೆಗೆ ಒಂದು ಸಲ ಆಗಲೇ ಕೊಟ್ಟಿದ್ದೀರಿ. ಅನುಮೋದನೆ ಇಲ್ಲದ ರೆವಿನ್ಯೂ ಲೇಔಟು ಆಗಿದ್ದು, ಖಾತಾ ಮಾಡಿಸುವಾಗ ಬೆಟರ್‌ಮೆಂಟ್ (ಅಭಿವೃದ್ಧಿ ಶುಲ್ಕ) ಅಂತ ಕಟ್ಟಿದ್ದರೆ ಆ ರಸೀದಿ ಹುಡುಕಿ ಇಡಿ. ಅದು ಇಂಥದ್ದಕ್ಕೇ ಕಟ್ಟಿದ ದುಡ್ಡು.

ಹಸ್ತಾಂತರ ಆಗಿದೆಯೋ ಇಲ್ಲವೋ ಬಾಯಿ ಮಾತಲ್ಲಿ ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಅಂತ ನಿಯಮ ಇದೆ. ಅಮ್ಮನ ಮಂಡಿ ನೋವು, ಬೈಕಿನ ಮಣ್ಣು ಎಲ್ಲ ಬರೆಯಬೇಡಿ, ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.

ಕೊನೆಗೆ ನಿಮ್ಮ ಸಂಘದ ಲೆಕ್ಕ. ಒಂದು ಸಾಲಿಗೆ 19 ಸೈಟು, 570 ಅಡಿ, ಹತ್ತಿರ 174 ಮೀಟರ್ ಉದ್ದ. 18 ಅಡಿ ಅಗಲ, 6 ಇಂಚು ದಪ್ಪ ಅಂದರೂ 145 ಘನ ಮೀಟರ್ ಕಾಂಕ್ರೀಟ್ ಬೇಕು. ನಾಲ್ಕು ಮೂಲೆಗೂ 70 ಅಡಿ ಹಿಡಿದು, ಖಾಲಿ ಸೈಟು ಬಿಟ್ಟರೆ ಸಂಗ್ರಹ ಆಗುವುದು 2,42,500. ಘನ ಮೀಟರಿಗೆ 1,700 ರೂಪಾಯಿಯೂ ಬರಲಿಲ್ಲ. ರಸ್ತೆ ಕಾಂಕ್ರೀಟಿಗೆ ಘನ ಮೀಟರಿಗೆ ಏಳು ಚೀಲ ಸಿಮೆಂಟಾದರೂ ಬೇಕು. ಚೀಲಕ್ಕೆ 239 ರೂಪಾಯಿ ಆಯಿತು, ಜಲ್ಲಿ, ಮರಳು, ಕೂಲಿ ಎಲ್ಲ ಪುಕ್ಕಟೆ ಅಂತ ಇಟ್ಟುಕೊಂಡರೆ! ಆ ರೇಟಿಗೆ ಸಿಮೆಂಟು ಎಲ್ಲಿ ಸಿಗುತ್ತದೆ ಹೇಳಿ, ನಾನೂ ಒಂದು ಲೋಡು ತೆಗೆದುಕೊಳ್ಳುತ್ತೇನೆ. ಅಂದರೆ ಅವರು ಹಾಕಿಸಲು ಹೊರಟಿರುವುದು ಮೂರು ಇಂಚಿನ ಪದರ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುತ್ತದೆ. ಅದನ್ನು ಒಂದಡಿಯಾದರೂ ತೆಗೆದು ಗರಸು ತುಂಬಿ ರೋಲರ್ ಹೊಡೆಯದೆ ಮೇಲೆ ಏನು ಹಾಕಿದರೂ ಅದರ ಜೊತೆಗೇ ಏಳುತ್ತದೆ.

ಕೋಟೆಬೀದಿ:

ಅಳತೆಪುಸ್ತಕ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಚಿತ್ರದುರ್ಗದವಳು. ನಮ್ಮ ಬೀದಿಗೆ ಯಾರೂ ದುಡ್ಡು ಕೇಳಲಿಲ್ಲ, ಪುಕ್ಕಟೆ ರಸ್ತೆ ಬಂತು, ಆದರೆ ನಾವು ಕೊಟ್ಟ ಹಾಗೆ ಯಾರೂ ಕೊಟ್ಟಿಲ್ಲ. ಹೇಗೆ ಅಂತೀರಾ? ಕಂಟ್ರಾಕ್ಟರು ಹಳೇ ರಸ್ತೆ ಕೀಳಲೇ ಇಲ್ಲ. ಅದರ ಮೇಲೇ ಕಾಂಕ್ರೀಟ್ ಸುರಿದ. ಮೊದಲೂ ಒಮ್ಮೆ ಹಾಗೇ ಮಾಡಿದ್ದರು. ಎರಡೂ ಸೇರಿ ರಸ್ತೆ ನಮ್ಮ ಹೊಸ್ತಿಲಿಗಿಂತ ಮೇಲೆ ಬಂತು. ನಮ್ಮ ಮಾವ ಕಟ್ಟಿಸಿದ ಕಾಲದಲ್ಲಿ ಬೀದಿಯಿಂದ ಮೂರು ಮೆಟ್ಟಿಲು ಹತ್ತಿ ಮನೆಗೆ ಹೋಗಬೇಕಿತ್ತು, ಈಗ ಒಂದು ಮೆಟ್ಟಿಲು ಇಳಿದು ಹೋಗುತ್ತೇವೆ. ದುರ್ಗದಲ್ಲಿ ಮಳೆ ಕಮ್ಮಿ ಅಂತ ನೆಮ್ಮದಿ, ಆದರೂ ಬಂದ ದಿನ ನಡುಮನೆಗೆ ನೀರು. ಬಾಗಿಲಿಗೆ ಅಡ್ಡಗಟ್ಟೆ ಕಟ್ಟಿಸಿ, ಕೆಳಗಿನ ನೀರಿನ ತೊಟ್ಟಿಯ ಬಾಯಿ ಎತ್ತರಿಸಿ, ಮುಂದಿನ ಕೋಣೆಯ ನೆಲ ಏರಿಸಿ ಅಂತ 60 ಸಾವಿರದ ಮೇಲೆ ಹೋಯಿತು. ಇದು ಯಾವ ರಸೀದಿಯಲ್ಲೂ ಬರಲ್ಲ.

ಹಾಗಾಗಿ ಅಣ್ಣ, ದುಡ್ಡು ಯಾರಾದರೂ ಹಾಕಲಿ, ಕೆಲಸ ಶುರು ಆಗುವ ಮುಂಚೆ ಎಲ್ಲರ ಹೊಸ್ತಿಲಿಂದ ರಸ್ತೆ ಎಷ್ಟು ಕೆಳಗೆ ಇರುತ್ತದೆ ಅಂತ ಸುಣ್ಣದಲ್ಲಿ ಗೆರೆ ಹಾಕಿಸಿ, ಫೋಟೋ ತೆಗೆದಿಡಿ. ಗೆರೆ ಇಲ್ಲದೆ ಒಂದು ಬುಟ್ಟಿ ಜಲ್ಲಿ ಇಳಿಸಲೂ ಬಿಡಬೇಡಿ. ಮೂಲೆ ಮನೆ ಬೇರೆ, ಎರಡೂ ಕಡೆಯ ನೀರು ನಿಮ್ಮ ಹತ್ತಿರವೇ ಬರುತ್ತದೆ.

ನಿವೃತ್ತಮೇಷ್ಟ್ರು:

ಅಡಿ ಲೆಕ್ಕ ಅಂದಾಗ ಮಗಳ ಮನೆ ನೆನಪಾಯಿತು. ಅವಳು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಅವರ ಬೀದಿ ಪೂರ್ತಿ ಕಿತ್ತು ಹೊಸದಾಗಿ ಮಾಡುತ್ತಿದ್ದರು. ನಾನು ಆಹಾ ಎಂಥಾ ಊರು ಅಂದೆ. ಮಗಳು ಮೇಜಿನ ಮೇಲಿಂದ ಕಾಗದ ತೆಗೆದು ತೋರಿಸಿದಳು, ನೋಡಪ್ಪ ನಮ್ಮ ಪಾಲಿಗೆ ಏಳು ಸಾವಿರ ಡಾಲರ್ ಹಾಕಿದ್ದಾರೆ ಅಂತ! ಅಳಿಯ ಮೂರು ದಿನ ಮಾತಾಡಲಿಲ್ಲ.

ಅಲ್ಲಿ ಅದು ಕಾನೂನು. ಸ್ಪೆಷಲ್ ಅಸೆಸ್‌ಮೆಂಟ್ ಅಂತಾರೆ, ಆ ರಾಜ್ಯದ ಕಾನೂನಿನ 429ನೇ ಅಧ್ಯಾಯ. ರಸ್ತೆಯಿಂದ ನಿನ್ನ ಆಸ್ತಿಗೆ ಬೆಲೆ ಏರುತ್ತದೆ, ಆದ್ದರಿಂದ ಖರ್ಚಿನ ಒಂದು ಪಾಲು ನೀನು ಕೊಡು ಅನ್ನುವುದು ಅದರ ತಿರುಳು. ಮೇಷ್ಟ್ರು ಬುದ್ಧಿ, ಕೂತು ಅಳಿಯನ ಹತ್ತಿರ ಎಲ್ಲ ಕೇಳಿ ಬರೆದುಕೊಂಡೆ. ಮನೆ ಮನೆಗೆ ಅಂಚೆಯಲ್ಲಿ ನೋಟಿಸ್ ಬರುತ್ತದೆ. ರಸ್ತೆ ಬೇಕೋ ಬೇಡವೋ ಅಂತ ಒಂದು ಸಭೆ, ಯಾರಿಗೆ ಎಷ್ಟು ಅಂತ ಇನ್ನೊಂದು ಸಭೆ. ಬೀದಿಯ ಮುಂಭಾಗದಲ್ಲಿ ನೂರಕ್ಕೆ 35ರಷ್ಟು ಇರುವ ಮಾಲೀಕರು ಅರ್ಜಿ ಕೊಟ್ಟಿದ್ದರೆ ನಗರಸಭೆಯಲ್ಲಿ ಮಾಮೂಲಿ ಬಹುಮತ ಸಾಕು. ಯಾರೂ ಕೇಳದೆ ಅವರೇ ಹೊರಟರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಕೈ ಎತ್ತಬೇಕು. ತಕರಾರು ಇದ್ದರೆ ಎರಡನೇ ಸಭೆ ಮುಗಿಯುವುದರೊಳಗೆ ಬರವಣಿಗೆಯಲ್ಲಿ ಕೊಡಬೇಕು, ಕೊಟ್ಟವರು 30 ದಿನದೊಳಗೆ ಕೋರ್ಟಿಗೆ ಹೋಗಬಹುದು. ಬಾಯಲ್ಲಿ ಕೂಗಾಡಿ ಬಂದರೆ ಲೆಕ್ಕಕ್ಕಿಲ್ಲ. ಮುಖ್ಯವಾದದ್ದು ಇದು: ರಸ್ತೆಯಿಂದ ಆಸ್ತಿಯ ಬೆಲೆ ಎಷ್ಟು ಏರಿತೋ ಅದಕ್ಕಿಂತ ಒಂದು ಕಾಸು ಜಾಸ್ತಿ ಹಾಕುವಂತಿಲ್ಲ. 30 ದಿನದಲ್ಲಿ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಇಲ್ಲದಿದ್ದರೆ ಮನೆ ತೆರಿಗೆಯ ಜೊತೆ ಹತ್ತು ಹದಿನೈದು ವರ್ಷ ಕಂತು, ಬಡ್ಡಿ ಸಮೇತ. ಕಷ್ಟದಲ್ಲಿರುವ 65 ದಾಟಿದವರಿಗೆ ಮುಂದಕ್ಕೆ ಹಾಕುವ ಅವಕಾಶವನ್ನೂ ಊರು ಕೊಡಬಹುದು.

ಇದಕ್ಕೂ ಜಗಳ ತಪ್ಪಿದ್ದಲ್ಲ. ಸೇಂಟ್ ಪಾಲ್ ನಗರದಲ್ಲಿ ರಸ್ತೆ ಗುಡಿಸುವುದು, ಹಿಮ ತೆಗೆಯುವುದು ಇಂಥದ್ದಕ್ಕೂ ಮುಂಭಾಗದ ಅಡಿ ಲೆಕ್ಕದಲ್ಲಿ ವಸೂಲಿ ಮಾಡುತ್ತಿದ್ದರು. ಎರಡು ಚರ್ಚಿನವರು ಕೋರ್ಟಿಗೆ ಹೋದರು. 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಎಲ್ಲರೂ ಓಡಾಡುವ ರಸ್ತೆಯ ನಿರ್ವಹಣೆಗೆ ಹೀಗೆ ಹಾಕಿದ್ದು ಶುಲ್ಕ ಅಲ್ಲ ತೆರಿಗೆ ಅಂತ ಹೇಳಿತು.

ನಿಮ್ಮ ಮೂಲೆ ಪ್ರಶ್ನೆಗೆ ಬರುತ್ತೇನೆ. ಅಲ್ಲೂ ಮೂಲೆ ಮನೆಯವರದ್ದೇ ದೊಡ್ಡ ಗಲಾಟೆ. ಹಾಗಾಗಿ ಎಷ್ಟೋ ಊರುಗಳು ಮೂಲೆಗೆ ಬೇರೆ ನಿಯಮ ಇಟ್ಟುಕೊಂಡಿವೆ. ಕೆಲವು ಕಡೆ ಚಿಕ್ಕ ಬದಿ ಮಾತ್ರ ಹಿಡಿಯುತ್ತಾರೆ, ಕೆಲವು ಕಡೆ ಉದ್ದ ಬದಿಗೆ ರಿಯಾಯಿತಿ, ಕೆಲವು ಕಡೆ ಅಡಿಯನ್ನೇ ಬಿಟ್ಟು ಮನೆಗೆ ಇಷ್ಟು ಅಂತ ಒಂದೇ ಸಮ. ಮಾಡದ ರಸ್ತೆಗೆ ಮುಂಗಡವಾಗಿ 40 ಅಡಿ ಹಿಡಿಯುವ ನಿಮ್ಮ ಸಂಘದ ಲೆಕ್ಕ ಅಲ್ಲಿಯೂ ನಡೆಯುವುದಿಲ್ಲ.

ಮಂಡಕ್ಕಿಮಿರ್ಚಿ:

ಮೇಷ್ಟ್ರೇ, ಅಮೆರಿಕದಲ್ಲೂ ಇದೇ ಕಥೆನಾ! ನನ್ನ ತಮ್ಮ ಅಲ್ಲಿಗೆ ಹೋಗಬೇಕು ಅಂತ ಕುಣಿತಿದ್ದಾನೆ, ಇದನ್ನು ತೋರಿಸುತ್ತೇನೆ. ಪೆಟ್ರೋಲ್ ಸೆಸ್ಸಿನ ವಿಷಯ ಒಪ್ಪಿದೆ. ಆದರೂ ಒಂದು ರೂಪಾಯಿ ಕೊಡಬೇಡಿ ಅನ್ನೋದು ವಾಪಸ್ ತಗೊಳ್ಳಲ್ಲ.

ಖಾಲಿಸೈಟು:

ಖಾಲಿ ಸೈಟಿನವರು ಬೆಂಗಳೂರಲ್ಲೋ ಎಲ್ಲೋ ಇದ್ದಾರೆ ಅಂದಿರಲ್ಲ, ಆ ಎಲ್ಲೋ ಇರುವವರಲ್ಲಿ ನಾನೂ ಒಬ್ಬ. ದಾವಣಗೆರೆಯಲ್ಲಿ ನನ್ನದೂ ಒಂದು ಸೈಟಿದೆ, ರಿಟೈರ್ ಆದ ಮೇಲೆ ಬಂದು ಮನೆ ಕಟ್ಟುವ ಆಸೆ. ಖಾಲಿ ಜಾಗಕ್ಕೂ ಕಂದಾಯ ಕಟ್ಟುತ್ತೇನೆ. ನಮ್ಮನ್ನು ಯಾರಾದರೂ ಕೇಳಿದ್ದಾರಾ? ವರ್ಷಕ್ಕೊಮ್ಮೆ ಬಂದು ನೋಡಿದರೆ ನನ್ನ ಸೈಟಿನಲ್ಲಿ ಅಕ್ಕಪಕ್ಕದವರ ಮನೆ ಕಟ್ಟಿದ ರಾಡಿ, ಹಳೇ ಟೈಲ್ಸು, ಎರಡು ಎಮ್ಮೆ. ಒಬ್ಬರು ತೆಂಗಿನ ಗಿಡ ಹಚ್ಚಿ ಅದಕ್ಕೆ ಬೇಲಿ ಬೇರೆ ಹಾಕಿದ್ದಾರೆ.

ರಸ್ತೆ ಆದರೆ ಜಾಸ್ತಿ ಲಾಭ ನಮಗೇ ಅಂತ ನನಗೂ ಗೊತ್ತು. ಮನೆ ಇದ್ದವರಿಗೆ ಓಡಾಡಲು ಅನುಕೂಲ ಅಷ್ಟೇ, ಸೈಟು ಮಾರುವವನಿಗೆ ರೇಟೇ ಏರುತ್ತದೆ. ಪಾಲು ಕೊಡಲ್ಲ ಅನ್ನುವುದಿಲ್ಲ. ಆದರೆ ನೋಂದಣಿ ಆದ ಸಂಘ ಇರಬೇಕು, ಅದರ ಹೆಸರಲ್ಲಿ ಬ್ಯಾಂಕ್ ಖಾತೆ ಇರಬೇಕು, ರಸೀದಿ ಬರಬೇಕು. ಯಾರದೋ ಫೋನ್‌ಪೇಗೆ ಹಾಕಿ ಅಂದರೆ ಹಾಕುವುದಿಲ್ಲ. ಎಮ್ಮೆಯನ್ನೂ ಬಿಚ್ಚಬೇಕು.

ಅಳತೆಪುಸ್ತಕ:

ಖಾಲಿಸೈಟು ಅವರ ಮಾತು ಪೂರ್ತಿ ಸರಿ. ರಸೀದಿಯ ಜೊತೆ ಇನ್ನೊಂದು. ಕಂಟ್ರಾಕ್ಟರಿಗೆ ಪೂರ್ತಿ ದುಡ್ಡು ಒಮ್ಮೆಲೇ ಕೊಡಬೇಡಿ. ನೂರಕ್ಕೆ ಹತ್ತಾದರೂ ಹಿಡಿದಿಟ್ಟು ಒಂದು ಮಳೆಗಾಲ ಕಳೆದ ಮೇಲೆ ಕೊಡಿ. ಕಾಂಕ್ರೀಟ್ ಹಾಕಿದ ಮೇಲೆ ಭತ್ತದ ಹುಲ್ಲು ಹರಡಿ ಎರಡು ವಾರ ನೀರು ಬಿಡಲೇಬೇಕು. ನಮ್ಮ ಕಡೆ ಹುಲ್ಲಿಗೇನು ಬರ, ನೀರು ಬಿಡುವವರಿಗೆ ಬರ. ಸರದಿ ಹಾಕಿಕೊಳ್ಳಿ.

ಮೂಲೆಮನೆ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರದ ಮೀಟಿಂಗ್ ಆಯಿತು, ಅದಕ್ಕೇ ತಡವಾಗಿ ಬರೆಯುತ್ತಿದ್ದೇನೆ.

ಅಳತೆಪುಸ್ತಕ ಸರ್, ನಿಮ್ಮ 239 ರೂಪಾಯಿ ಲೆಕ್ಕ ಓದಿ ಹೇಳಿದೆ. ಮೊದಲು ಸಂಘದ ಖಜಾಂಚಿ ಸಿಟ್ಟಾದರು, ನೀನು ದುಡ್ಡು ಉಳಿಸಲು ಇದೆಲ್ಲ ತಂದಿದ್ದೀಯ ಅಂದರು. ಆಮೇಲೆ ಸಿಮೆಂಟ್ ಅಂಗಡಿ ಇಟ್ಟಿರುವ ನಮ್ಮ ಬೀದಿಯವರೇ ಒಬ್ಬರು ಎದ್ದು, ಲೆಕ್ಕ ಸರಿ ಇದೆ, ಆ ರೇಟಿಗೆ ನನಗೇ ಬರಲ್ಲ ಅಂದರು. ಅಲ್ಲಿಗೆ ಕಾಂಕ್ರೀಟ್ ಮಾತು ನಿಂತಿತು. ಸದ್ಯಕ್ಕೆ ಮನೆಗೆ 2,000ದಂತೆ ಹಾಕಿ ಮೇಲಿನ ಎರೆ ಮಣ್ಣು ತೆಗೆಸಿ ಗರಸು ಹೊಡೆಸಿ ರೋಲರ್ ಹಾಕಿಸುವುದು ಅಂತಾಯಿತು. ಮೂಲೆ, ಮಧ್ಯ ಅಂತ ಭೇದ ಇಲ್ಲ. ಪಕ್ಕದ ರಸ್ತೆ ಮಾಡುವಾಗ ಉದ್ದ ಬದಿಗೆ ಅರ್ಧ ಹಿಡಿಯಿರಿ ಅಂತ ನಾನೇ ಹೇಳಿದೆ, ಮೇಷ್ಟ್ರ ಮಾತು ಉಪಯೋಗಕ್ಕೆ ಬಂತು. ಆ ಮೂಲೆಯ ಇನ್ನೊಬ್ಬರು ಮಾತ್ರ ನಾನು ಒಪ್ಪಲ್ಲ, ನನ್ನ ಬಾಗಿಲು ಆ ಕಡೆ ಇಲ್ಲವೇ ಇಲ್ಲ ಅಂತ ಕೂತಿದ್ದಾರೆ.

ಹೊಸ್ತಿಲಿನ ಗೆರೆ ಹಾಕಿದ್ದೇವೆ ಅಕ್ಕ. ಸುಣ್ಣ ಸಿಗಲಿಲ್ಲ, ಮಗಳ ಪೇಂಟ್ ಡಬ್ಬಿಯಿಂದ ಹಾಕಿದೆ, ಪೂರ್ತಿ ಬೀದಿಗೆ ಗುಲಾಬಿ ಬಣ್ಣ. ಮಾಹಿತಿ ಹಕ್ಕಿನ ಅರ್ಜಿಯನ್ನು ಎಂಟು ಸಲ ಹೊಡೆದು ಬರೆದು 140 ಪದಕ್ಕೆ ಇಳಿಸಿ ಸೋಮವಾರ ಕೊಟ್ಟು ಬಂದೆ.

ಖಾಲಿ ಸೈಟಿನವರಲ್ಲಿ ಏಳು ಜನರ ನಂಬರು ಸಿಕ್ಕಿದೆ. ಇಬ್ಬರು ಒಪ್ಪಿದರು. ಒಬ್ಬರ ಫೋನು ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಅವರ ಸೈಟಿನಲ್ಲೂ ಎರಡು ಎಮ್ಮೆ, ಒಂದು ತೆಂಗಿನ ಗಿಡ ಇದೆ. ಖಾಲಿಸೈಟು ಅವರೇ, ಅದು ನೀವಲ್ಲ ತಾನೇ?